ಹೋಹೆನ್‌ರೋಡೆ: ದೀಪವಾರಿದ ಒಂದು ಜರ್ಮನ್ ಹಳ್ಳಿಯ ಚರಿತ್ರೆ

ನಮ್ಮ ಶಾಲೆಯ ಶತಮಾನೋತ್ಸವದ ಈ ಸ್ಮರಣ ಸಂಚಿಕೆಗೆ ಚರಿತ್ರೆಯ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ, ಈ ಸೀಮೆಯ ಶಾಸನಗಳನ್ನೋ ಗುಡಿಗಳನ್ನೋ ಕುರಿತು ನಾನು ಬರೆಯುವೆನೆಂದು ಅವರು ಎಣಿಸಿದ್ದಿರಬೇಕು. ಅವುಗಳನ್ನು ನನಗಿಂತ ಚೆನ್ನಾಗಿ ಬಲ್ಲವರಿದ್ದಾರೆ. ನಾನಾದರೋ ವಿದ್ಯಾರ್ಥಿಯೊಬ್ಬನಿಗೆ ಬಹುಕಾಲದಿಂದ ಉಳಿಸಿಕೊಂಡಿರುವ ಒಂದು ಉತ್ತರದ ಬಾಕಿಯನ್ನು ಇಲ್ಲಿ ಸಲ್ಲಿಸಲು ಯತ್ನಿಸುತ್ತೇನೆ. ಅದಕ್ಕಾಗಿ ವಾಚಕರನ್ನು ಬಹುದೂರ, ಜರ್ಮನಿಯ ನಡುಭಾಗದ ಒಂದು ಬೆಟ್ಟದ ಸೀಮೆಯವರೆಗೆ ಕರೆದೊಯ್ಯಬೇಕಾಗಿದೆ.

ನಾನು ಸೇವೆಯಲ್ಲಿದ್ದಾಗ ಏಳನೆಯ ತರಗತಿಯ ಮಕ್ಕಳನ್ನು ಒಮ್ಮೆ ಊರಾಚೆಯ ಹೊಲಗಳ ಕಡೆಗೆ ಕರೆದುಕೊಂಡು ಹೋಗಿದ್ದೆ. ಜೋಳದ ಹೊಲದ ನಡುವೆ ಮಾಳಿಗೆ ಕುಸಿದ ಹನುಮಪ್ಪನ ಗುಡಿ, ಅದರ ಮುಂದೆ ಸವೆದ ಎರಡು ವೀರಗಲ್ಲುಗಳು, ಸ್ವಲ್ಪ ದೂರದಲ್ಲಿ ಹೂಳು ತುಂಬಿದ ಬಾವಿ. ಇಲ್ಲಿ ಹಿಂದೆ ಒಂದು ಊರಿತ್ತು ಎಂದು ಹೇಳಿದೆ. ಹಿಂದಿನ ಸಾಲಿನ ಹುಡುಗನೊಬ್ಬ ಮುಂದೆ ಬಂದು, “ಗುರುಗಳೇ, ಈ ಊರು ಯಾವಾಗ ಸತ್ತಹೋತ್ರಿ?” ಎಂದು ಕೇಳಿದ. ಪ್ಲೇಗಿನ ಕಾಲದಲ್ಲಿ ಎಂದುಬಿಟ್ಟೆ. ಹಿರಿಯರು ಹಾಗೆ ಹೇಳುವುದನ್ನು ಕೇಳಿದ್ದೆನೇ ಹೊರತು ಆ ಮಾತಿಗೆ ನನ್ನಲ್ಲಿ ಬೇರಾವ ಆಧಾರವೂ ಇರಲಿಲ್ಲ. ಹುಡುಗ ತಲೆಯಾಡಿಸಿದ. ನನಗೆ ಮಾತ್ರ ಆ ರಾತ್ರಿ ಸಮಾಧಾನವಾಗಲಿಲ್ಲ.

ಕನ್ನಡದ ಕಂದಾಯ ದಾಖಲೆಗಳಲ್ಲಿ ಇಂಥ ಊರಿಗೆ ‘ಬೇಚರಾಕ್ ಗ್ರಾಮ’ ಎಂಬ ಹೆಸರುಂಟು. ನಮ್ಮ ನೆರೆಯ ಮರಾಠಿಯವರೂ ಸರ್ವನಾಶವಾದದ್ದನ್ನು ‘ಬೇಚಿರಾಖ್’ ಎನ್ನುತ್ತಾರೆ. ಎರಡಕ್ಕೂ ಮೂಲ ಪಾರಸಿಯ ‘ಬೇ-ಚಿರಾಗ್’, ಅಂದರೆ ದೀಪವಿಲ್ಲದ್ದು. ಊರಿಗೆ ಹೆಸರಿದೆ, ಎಲ್ಲೆಯಿದೆ, ಹೊಲಗಳಿಗೆ ಸರ್ವೆ ನಂಬರುಗಳಿವೆ. ಸಂಜೆಯಾದರೆ ದೀಪ ಹಚ್ಚುವವರಿಲ್ಲ. ಕಾಗದಪತ್ರಗಳ ಭಾಷೆಯಲ್ಲಿ ಇಷ್ಟು ಕರುಣೆಯುಳ್ಳ ಪದ ಇನ್ನೊಂದಿದೆಯೇ ಎಂದು ನಾನು ಬಹಳ ಸಲ ಯೋಚಿಸಿದ್ದೇನೆ.

ಊರು ಹೇಗೆ ಸಾಯುತ್ತದೆ ಎಂಬ ಪ್ರಶ್ನೆಯನ್ನು ಅತ್ಯಂತ ತಾಳ್ಮೆಯಿಂದ ಹಿಡಿದು ಕುಳಿತವರಲ್ಲಿ ಜರ್ಮನಿಯ ವಿದ್ವಾಂಸರು ಮುಖ್ಯರು. ಪದಗಳ ವಿಷಯದಲ್ಲಿ ಆ ದೇಶದವರ ತಾಳ್ಮೆ ಕನ್ನಡಿಗರಿಗೆ ಹೊಸದಲ್ಲ. 1894ರಲ್ಲಿ ನಮಗೆ ನಿಘಂಟು ಕೊಟ್ಟ ಫರ್ಡಿನೆಂಡ್ ಕಿಟೆಲರು ಉತ್ತರ ಜರ್ಮನಿಯ ರೆಸ್ಟರ್‌ಹಾಫೆ ಎಂಬ ಸಣ್ಣ ಹಳ್ಳಿಯಲ್ಲಿ ಹುಟ್ಟಿದವರು. ಜರ್ಮನ್ ಭಾಷೆಯಲ್ಲಿ ಹಾಳೂರಿಗೆ ‘ವ್ಯೂಸ್ಟುಂಗ್’ ಎನ್ನುತ್ತಾರೆ. ‘ವ್ಯೂಸ್ಟ್’ ಎಂದರೆ ಹಾಳು, ಬರಿದು, ಪಾಳು. ಮಧ್ಯಯುಗದ ತೆರಿಗೆಯ ಪಟ್ಟಿ ಬರೆಯುತ್ತಿದ್ದ ಗುಮಾಸ್ತನು, ವಸೂಲಿಗೆ ಜನರೇ ಇಲ್ಲದ ಊರು ಬಂದಾಗ ಹೆಸರಿನ ಮುಂದೆ ಈ ಒಂದು ಮಾತನ್ನು ಗೀಚಿ ಮುಂದಿನ ಊರಿಗೆ ಹೋಗುತ್ತಿದ್ದ. ನಮ್ಮ ಪಾರಸಿ ಬಲ್ಲ ಗುಮಾಸ್ತನು ನೋಡಿದ್ದು ದೀಪವನ್ನು. ಜರ್ಮನಿಯವನು ನೋಡಿದ್ದು ನೆಲವನ್ನು. ನೋಡಿದ ಸಂಗತಿ ಮಾತ್ರ ಒಂದೇ.

ಜರ್ಮನಿಯ ನಡುವೆ ಹಾರ್ಟ್ಸ್ ಎಂಬ ಬೆಟ್ಟಸಾಲೊಂದಿದೆ. ಅದರ ದಕ್ಷಿಣದ ಅಂಚಿನಲ್ಲಿ, ಇಂದಿನ ಸಾಕ್ಸನಿ-ಆನ್‌ಹಾಲ್ಟ್ ರಾಜ್ಯದ ಸಾಂಗರ್‌ಹೌಸೆನ್ ಪಟ್ಟಣಕ್ಕೆ ಸಮೀಪ, ಗ್ರಿಲ್ಲೆನ್‌ಬರ್ಗ್ ಎಂಬ ಹಳ್ಳಿಯ ಬಳಿ ಇದ್ದ ಊರೇ ಹೋಹೆನ್‌ರೋಡೆ. ಆ ಹೆಸರೇ ಅದರ ಜನ್ಮವೃತ್ತಾಂತ. ‘ಹೋಹೆನ್’ ಎಂದರೆ ಎತ್ತರದ. ‘ರೋಡೆ’ ಎಂದರೆ ಕಾಡು ಕಡಿದು, ಬೇರು ಕಿತ್ತು ಹಸನು ಮಾಡಿದ ನೆಲ. ಜರ್ಮನಿಯ ಭೂಪಟದಲ್ಲಿ ರೋಡೆ, ರೋಡಾ, ಹಾಗೆನ್ ಎಂದು ಮುಗಿಯುವ ಊರುಗಳು ಎಲ್ಲೆಲ್ಲಿ ಕಾಣುತ್ತವೆಯೋ ಅಲ್ಲೆಲ್ಲ ಒಂದು ಕಾಲಕ್ಕೆ ಕಾಡಿತ್ತು, ಅದನ್ನು ಕೊಡಲಿ ಹಿಡಿದ ಒಕ್ಕಲುಗಳು ಬಂದು ಬಯಲು ಮಾಡಿದರು ಎಂದು ತಿಳಿಯಬಹುದು. ಕಣಿವೆಯ ಒಳ್ಳೆಯ ನೆಲವೆಲ್ಲ ಮೊದಲೇ ಹಿಡಿದಾಗಿತ್ತು. ತಡವಾಗಿ ಬಂದವರಿಗೆ ಉಳಿದದ್ದು ಮೇಲಣ ಇಳಿಜಾರು, ತೆಳುವಾದ ಮಣ್ಣು, ಬೇಗ ಇಳಿಯುವ ಚಳಿ.

ಹೋಹೆನ್‌ರೋಡೆಯಲ್ಲಿ ಜನ ನೆಲಸಿದ್ದು 10ನೆಯ ಶತಮಾನದಲ್ಲಿ. ಹಾರ್ಟ್ಸ್ ಸೀಮೆ ಆಗ ಹಿಂದುಳಿದ ಮೂಲೆಯಾಗಿರಲಿಲ್ಲ. ಅದು ಸಾಕ್ಸನ್ ರಾಜವಂಶದ ತವರುನೆಲ. 962ರಲ್ಲಿ ರೋಮಿನಲ್ಲಿ ಚಕ್ರವರ್ತಿಯಾಗಿ ಕಿರೀಟ ಧರಿಸಿದ ಒಂದನೆಯ ಓಟೋ ಈ ವಂಶದವನು. ಆ ಕಾಲದ ಅರಸರಿಗೆ ಒಂದೇ ರಾಜಧಾನಿಯೆಂಬುದಿರಲಿಲ್ಲ. ಪರಿವಾರದೊಡನೆ ಒಂದು ಅರಮನೆಯಿಂದ ಇನ್ನೊಂದಕ್ಕೆ ಸಾಗುತ್ತ, ಆಯಾ ಸೀಮೆಯ ದವಸಧಾನ್ಯವನ್ನು ಅಲ್ಲಲ್ಲಿಯೇ ಉಂಡು ರಾಜ್ಯವಾಳುತ್ತಿದ್ದರು. ಅಂಥ ಅರಮನೆಗಳಲ್ಲೊಂದು ಇದೇ ಸೀಮೆಯ ಟಿಲೆಡಾದಲ್ಲಿತ್ತು. ಅದನ್ನು ಅಗೆದು ತೆಗೆದ ವಿದ್ವಾಂಸನೇ ಹೋಹೆನ್‌ರೋಡೆಯನ್ನೂ ಅಗೆದನೆಂಬುದು ನನಗೆ ಮೆಚ್ಚುಗೆಯಾದ ಸಂಗತಿ. ಆತನ ಹೆಸರು ಪೌಲ್ ಗ್ರಿಮ್. ಮಕ್ಕಳ ಕಥೆಗಳ ಗ್ರಿಮ್ ಸಹೋದರರೊಡನೆ ಈತನನ್ನು ಬೆರೆಸಬಾರದು. 1935ರಿಂದ 1937ರವರೆಗೆ ಗ್ರಿಮ್ ಹೋಹೆನ್‌ರೋಡೆಯಲ್ಲಿ ಉತ್ಖನನ ನಡೆಸಿ, 1939ರಲ್ಲಿ ಅದರ ವರದಿಯನ್ನು ಗ್ರಂಥರೂಪದಲ್ಲಿ ಪ್ರಕಟಿಸಿದ. ಪುರಾತತ್ತ್ವಜ್ಞರು ಅರಮನೆ, ಕೋಟೆ, ಸಮಾಧಿಗಳನ್ನು ಅರಸುತ್ತಿದ್ದ ಕಾಲದಲ್ಲಿ ಒಕ್ಕಲಿಗರ ಒಂದು ಇಡೀ ಹಳ್ಳಿಯನ್ನು ಹೀಗೆ ಅಗೆದು ನೋಡುವುದು ಜರ್ಮನಿಯಲ್ಲಿ ಆಗಿನ್ನೂ ಹೊಸ ಮಾತು.

ಅಲ್ಲಿ ದೊರೆತದ್ದು ಚಿನ್ನವಲ್ಲ, ವಿಗ್ರಹವಲ್ಲ. ನೆಲದಲ್ಲಿ ಕಪ್ಪಾಗಿ ಕಾಣುವ ವರ್ತುಲಗಳು, ಅಂದರೆ ನೆಟ್ಟ ಮರದ ಕಂಬ ಕೊಳೆತುಹೋದ ಮೇಲೆ ಉಳಿಯುವ ಕುಳಿಗಳ ಗುರುತು, ಅವುಗಳ ಮೇಲೆ ಮುಂದಿನ ತಲೆಮಾರುಗಳು ಹಾಕಿದ ಕಲ್ಲಿನ ತಳಪಾಯ, ಒಲೆಯ ಕರಿ, ಮಡಕೆಯ ಚೂರು. ಈ ಚೂರುಗಳೇ ಇಂಥ ಅಗೆತದ ಪಂಚಾಂಗ. ಮಡಕೆಯ ಕಂಠದ ಆಕಾರ, ಸುಟ್ಟ ಬಗೆ, ಮಣ್ಣಿನ ಬಣ್ಣ ಕಾಲಕಾಲಕ್ಕೆ ಬದಲಾಗುತ್ತವೆಯಾದ್ದರಿಂದ ಯಾವ ಮನೆ ಮೊದಲು, ಯಾವುದು ಆಮೇಲೆ ಎಂದು ಅವುಗಳಿಂದ ಹೇಳಬಹುದು. ಮೊದಲ ಒಕ್ಕಲುಗಳು ಕಟ್ಟಿದ್ದು ಮರದ ಮನೆಗಳನ್ನು. ಅವುಗಳೊಡನೆ ನೆಲವನ್ನು ಅಗೆದು ತಗ್ಗಿನಲ್ಲಿ ಮಾಡಿದ ಸಣ್ಣ ಗುಡಿಸಲುಗಳೂ ಇದ್ದವು. ಇಂಥ ಗುಡಿಸಲುಗಳ ತಂಪಿನಲ್ಲಿ ಅಗಸೆನಾರಿನ ನೂಲು ಕಡಿಯದೆಂದು ಹೆಂಗಸರು ಮಗ್ಗ ಹೂಡುತ್ತಿದ್ದ ವಾಡಿಕೆ ಆ ನಾಡಿನ ಬೇರೆ ಹಳ್ಳಿಗಳಿಂದಲೂ ತಿಳಿದುಬರುತ್ತದೆ. ಮುಂದಿನ ಶತಮಾನಗಳಲ್ಲಿ ಮನೆಗಳಿಗೆ ಕಲ್ಲಿನ ಬುಡ ಬಂತು. ಕಂಬವನ್ನು ಮಣ್ಣಿನಲ್ಲಿ ಹೂಳಿದರೆ ಒಂದೆರಡು ತಲೆಮಾರಿಗೆ ಕೊಳೆಯುತ್ತದೆ. ಕಲ್ಲಿನ ಮೇಲೆ ನಿಲ್ಲಿಸಿದರೆ ಮೊಮ್ಮಕ್ಕಳ ಕಾಲಕ್ಕೂ ಬರುತ್ತದೆ. ಕಲ್ಲಿನ ತಳಪಾಯ ಹಾಕಿದವರು ಇನ್ನು ಇಲ್ಲಿಂದ ಕದಲುವುದಿಲ್ಲವೆಂದು ನಂಬಿದವರು. ಆದರೆ 14ನೆಯ ಶತಮಾನದಲ್ಲಿ ಊರು ಬರಿದಾಯಿತು.

ಹಾಗೆ ಬರಿದಾದದ್ದು ಹೋಹೆನ್‌ರೋಡೆಯೊಂದೇ ಅಲ್ಲ. ವಿಲ್ಹೆಲ್ಮ್ ಆಬೆಲ್ ಎಂಬ ಆರ್ಥಿಕ ಚರಿತ್ರಕಾರನು 1943ರಲ್ಲಿ ಪ್ರಕಟಿಸಿದ ಗ್ರಂಥದಿಂದ ಮೊದಲ್ಗೊಂಡು ಈ ವಿಷಯವನ್ನು ಲೆಕ್ಕಕ್ಕೆ ತಂದ. ಆತನ ಅಂದಾಜಿನಂತೆ ಸುಮಾರು 1300ರಲ್ಲಿ ಜರ್ಮನಿಯಲ್ಲಿ 1,70,000 ಊರುಗಳಿದ್ದವು. ಮಧ್ಯಯುಗ ಮುಗಿಯುವ ಹೊತ್ತಿಗೆ ಉಳಿದವು 1,30,000. ನಾಲ್ಕರಲ್ಲಿ ಒಂದು ಊರು ಎರಡು ಶತಮಾನದೊಳಗೆ ಅಳಿಯಿತು. ಹೆಸ್ಸೆ, ತುರಿಂಗಿಯ ಮುಂತಾದ ಗುಡ್ಡಸೀಮೆಗಳಲ್ಲಿ ಅಳಿವು ಇದಕ್ಕಿಂತಲೂ ಹೆಚ್ಚು. ವಾಯವ್ಯದ ತಗ್ಗು ನಾಡಿನಲ್ಲಿ ಬಹಳ ಕಡಿಮೆ. ಇದಕ್ಕೂ ಮುಂಚೆ, 1858ರಲ್ಲಿ, ಗೆಯೋರ್ಗ್ ಲಾಂಡೌ ಎಂಬ ಕಾಸೆಲ್ ಪಟ್ಟಣದ ದಫ್ತರಪಾಲಕನು ಹೆಸ್ಸೆಯ ಹಾಳೂರುಗಳನ್ನೆಲ್ಲ ಹಳೆಯ ಪತ್ರಗಳಿಂದ ಹೆಕ್ಕಿ ಒಂದು ದೊಡ್ಡ ಗ್ರಂಥ ಮಾಡಿದ್ದ. ಸತ್ತ ಊರುಗಳ ಹೆಸರುಗಳನ್ನು ಮಾತ್ರವೇ ತುಂಬಿಕೊಂಡ ಗ್ರಂಥವೊಂದನ್ನು ಬರೆಯಲು ಒಬ್ಬ ಮನುಷ್ಯ ಆಯುಷ್ಯದ ಎಷ್ಟು ಭಾಗವನ್ನು ಕೊಟ್ಟಿರಬೇಕು!

ಇಷ್ಟು ಊರುಗಳನ್ನು ಕೊಂದದ್ದು ಯಾವುದು? ಆ ನಾಡಿನ ಹಿರಿಯರನ್ನು ಕೇಳಿದರೆ ನಮ್ಮ ಹಿರಿಯರಂತೆಯೇ ಒಂದೇ ಮಾತಿನಲ್ಲಿ ಉತ್ತರ ಕೊಡುತ್ತಿದ್ದರು. ಸ್ವೀಡನ್ನಿನ ದಂಡು ಬಂದು ಸುಟ್ಟಿತು ಎಂಬುದು ಅಲ್ಲಿನ ಅತಿ ಪ್ರಸಿದ್ಧವಾದ ಉತ್ತರ. 1618ರಿಂದ 1648ರವರೆಗೆ ನಡೆದ ಮೂವತ್ತು ವರ್ಷಗಳ ಯುದ್ಧದಲ್ಲಿ ಸ್ವೀಡನ್ನಿನ ಸೈನ್ಯ ಜರ್ಮನಿಯನ್ನು ತುಳಿದದ್ದು ನಿಜ. ಆದರೆ ಆ ದಂಡು ಸುಟ್ಟಿತೆಂದು ಹೇಳುವ ಊರುಗಳಲ್ಲಿ ಎಷ್ಟೋ ಊರುಗಳು ಅದಕ್ಕೆ ಇನ್ನೂರು ವರ್ಷ ಮೊದಲೇ ‘ವ್ಯೂಸ್ಟ್’ ಎಂದು ಪತ್ರಗಳಲ್ಲಿ ಬರೆಸಿಕೊಂಡಿವೆ. ಹತ್ತಿರದ ದೊಡ್ಡ ದುಃಖವು ದೂರದ ದುಃಖವನ್ನು ನುಂಗಿಕೊಂಡಿತು. ಇನ್ನು ಎರಡು ಐತಿಹ್ಯಗಳು ಊರಿಂದೂರಿಗೆ ಸುತ್ತುತ್ತವೆ. ಹಾಳೂರಿನಲ್ಲಿ ಹಂದಿಯೊಂದು ನೆಲ ಕೆದರುತ್ತಿದ್ದಾಗ ಇಗರ್ಜಿಯ ಗಂಟೆ ಸಿಕ್ಕಿತು, ಅದೇ ಈಗ ಪಕ್ಕದೂರಿನಲ್ಲಿ ಬಾರಿಸುತ್ತಿರುವುದು ಎಂಬುದೊಂದು. ಎಲ್ಲರೂ ಸತ್ತ ಮೇಲೆ ಮುದುಕಿಯರು ಮಾತ್ರ ಉಳಿದರು, ತಮ್ಮನ್ನು ಕೊನೆಗಾಲದಲ್ಲಿ ನೋಡಿಕೊಂಡ ಪಕ್ಕದೂರಿಗೆ ಊರಿನ ಕಾಡನ್ನೆಲ್ಲ ಬರೆದುಕೊಟ್ಟರು ಎಂಬುದು ಇನ್ನೊಂದು. ಎರಡನೆಯದನ್ನು ಕೇಳಿದಾಗ ಅದು ಪಕ್ಕದೂರಿನವರೇ ಕಟ್ಟಿದ ಕಥೆಯೆಂದು ನನಗೆ ತೋರಿತು. ಹಾಳೂರಿನ ಕಾಡು ತಮ್ಮದಾದದ್ದಕ್ಕೆ ಅವರಿಗೊಂದು ಕಾರಣ ಬೇಕಾಗಿತ್ತು.

ದಂಡು ಬಂದು ಸುಟ್ಟದ್ದೂ ಉಂಟು. ಹಾರ್ಟ್ಸ್‌ನ ನೈಋತ್ಯ ತಪ್ಪಲಿನಲ್ಲಿ, ಬಾರ್ಬಿಸ್ ಎಂಬ ಊರಿನ ಬಳಿ ಕ್ಯೋನಿಗ್ಸ್‌ಹಾಗೆನ್ ಎಂಬ ಹಳ್ಳಿಯಿತ್ತು. ಅದೂ ಕಾಡು ಕಡಿದು ಕಟ್ಟಿದ್ದೇ, 12ನೆಯ ಶತಮಾನದ್ದು. 1960ರ ದಶಕದ ಆರಂಭದಲ್ಲಿ ವಾಲ್ಟರ್ ಯಾನ್ಸೆನ್ ಅದನ್ನು ಅಗೆದಾಗ, 15ನೆಯ ಶತಮಾನದ ಆದಿಭಾಗದಲ್ಲಿ ಊರು ಬೆಂಕಿಗೆ ಆಹುತಿಯಾದ ಗುರುತು ಸಿಕ್ಕಿತು. ಪಾಳೆಯಗಾರರ ಹಗೆತನಗಳು ಆ ಕಾಲದ ನಿತ್ಯದ ಪಾಡು. ಆದರೆ ಮಧ್ಯಯುಗದಲ್ಲಿ ಮರದ ಗೋಡೆ, ಹುಲ್ಲಿನ ಚಾವಣಿಯ ಹಳ್ಳಿಗಳು ಸುಡದೆ ಇದ್ದುದೇ ಅಪರೂಪ. ಸುಟ್ಟ ಊರುಗಳಲ್ಲಿ ಬಹುಪಾಲು ಮರುವರ್ಷವೇ ಎದ್ದು ನಿಂತವು. ಬೂದಿಯ ಮೇಲೆಯೇ ಹೊಸ ಕಂಬ ನೆಟ್ಟು, ಅಂದಿನ ಬೆಳೆಯನ್ನು ಅಂದೇ ಬಿತ್ತಿ ಜನ ಬದುಕಿದರು. ಆದ್ದರಿಂದ ಸುಟ್ಟವರು ಯಾರೆಂದು ತಿಳಿದರೂ ಊರಿನ ಸಾವಿಗೆ ಕಾರಣ ತಿಳಿದಂತಾಗುವುದಿಲ್ಲ. ಮತ್ತೆ ಏಕೆ ಕಟ್ಟಲಿಲ್ಲ ಎಂದು ಕೇಳಬೇಕಾಗುತ್ತದೆ. ಈ ವಿಷಯವನ್ನು ಓದುತ್ತ ಹೋದಂತೆ ನನಗೆ ಹೊಳೆದ ಮುಖ್ಯ ಮಾತು ಇದು.

ಅದಕ್ಕೆ ಉತ್ತರ ಬೇಕಾದರೆ ಆ ಒಕ್ಕಲಿಗನ ಕಣದಲ್ಲಿ ನಿಂತು ನೋಡಬೇಕು. ಅವರದು ಮೂರು ಹೊಲದ ಬೇಸಾಯ. ಊರಿನ ನೆಲವನ್ನು ಮೂರು ಪಾಲು ಮಾಡಿ, ಒಂದರಲ್ಲಿ ಚಳಿಗಾಲದ ರೈ ಧಾನ್ಯ, ಒಂದರಲ್ಲಿ ಬೇಸಗೆಯ ಓಟ್ಸ್ ಅಥವಾ ಬಾರ್ಲಿ, ಮೂರನೆಯದನ್ನು ಬೀಡು ಬಿಟ್ಟು, ವರ್ಷವರ್ಷಕ್ಕೆ ಪಾಳಿ ಬದಲಿಸುತ್ತಿದ್ದರು. ಬೆಳೆ ಬರುತ್ತಿದ್ದುದು ಬಿತ್ತಿದ್ದಕ್ಕೆ ಮೂರು ಅಥವಾ ನಾಲ್ಕರಷ್ಟು. ಒಂದೆರಡು ಸೇರು ಜೋಳ ಬಿತ್ತಿ ಚೀಲಗಟ್ಟಲೆ ಒಕ್ಕುವ ನಮ್ಮ ರೈತರಿಗೆ ಇದು ನಂಬಲಾಗದ ಲೆಕ್ಕ. ನಾಲ್ಕರಷ್ಟೆಂದೇ ಹಿಡಿಯೋಣ. 100 ಸೇರು ಬಿತ್ತಿದರೆ 400 ಸೇರು. ಮುಂದಿನ ವರ್ಷದ ಬೀಜಕ್ಕೆ 100 ತೆಗೆದಿಡಬೇಕು. ಇಗರ್ಜಿಗೆ ಹತ್ತರಲ್ಲೊಂದು ಪಾಲು, 40. ಉಳಿದದ್ದು 260, ಇದರಲ್ಲಿ ಒಡೆಯನ ಗೇಣಿ ಹೋಗಿ ಮಿಕ್ಕಿದ್ದು ಮನೆಮಂದಿಗೆ. ಬೆಳೆ ಮೂರರಷ್ಟಕ್ಕೆ ಇಳಿಯಿತೆನ್ನಿ: 300ರಲ್ಲಿ ಬೀಜಕ್ಕೆ 100, ಇಗರ್ಜಿಗೆ 30, ಉಳಿದದ್ದು 170. ಬೆಳೆ ಕುಗ್ಗಿದ್ದು ಕಾಲುಭಾಗ, ಕಣಜ ಕುಗ್ಗಿದ್ದು ಮೂರನೆಯ ಒಂದು ಭಾಗಕ್ಕೂ ಹೆಚ್ಚು. ಗೇಣಿ ಮಾತ್ರ ಅಷ್ಟೇ. ಕಣಿವೆಯ ಕಪ್ಪು ಮಣ್ಣಿನ ಒಕ್ಕಲು ಇಂಥ ವರ್ಷವನ್ನು ದಾಟಿಕೊಳ್ಳಬಹುದು. ಹೋಹೆನ್‌ರೋಡೆಯಂಥ ಎತ್ತರದ ಊರಿಗೆ ಅದು ಕಷ್ಟ.

14ನೆಯ ಶತಮಾನವಾದರೋ ಇಂಥ ವರ್ಷಗಳ ಮಾಲೆ. 1315ರಿಂದ 1317ರವರೆಗೆ ಉತ್ತರ ಯೂರೋಪಿನಲ್ಲೆಲ್ಲ ಬಿಡದೆ ಮಳೆ ಸುರಿದು, ಬೆಳೆ ಕೊಳೆತು, ಮಹಾಕ್ಷಾಮ ಬಂತು. ನಮಗೆ ಮಳೆಯಿಲ್ಲದೆ ಬರ. ಅವರಿಗೆ ಮಳೆಯಿಂದಲೇ ಬರ. 1342ರ ಜುಲೈ ತಿಂಗಳಲ್ಲಿ, ಸಂತ ಮಗ್ದಲೇನಳ ಹಬ್ಬದ ಹೊತ್ತಿಗೆ, ಮಧ್ಯ ಯೂರೋಪಿನ ನದಿಗಳೆಲ್ಲ ಒಮ್ಮೆಲೇ ಉಕ್ಕಿ ಸೇತುವೆಗಳನ್ನು ಕೊಚ್ಚಿಕೊಂಡು ಹೋದವು. ನದಿಯ ದಂಡೆಯ ಪಟ್ಟಣಗಳು ನೀರಿನ ಮಟ್ಟವನ್ನು ಗೋಡೆಗಳ ಮೇಲೆ ಕೆತ್ತಿಸಿಟ್ಟವು. ಗುಡ್ಡದ ಊರುಗಳು ಕಳೆದುಕೊಂಡದ್ದನ್ನು ಕೆತ್ತಿಡಲು ಗೋಡೆಯಿರಲಿಲ್ಲ. ಹಾನ್ಸ್-ರುಡೋಲ್ಫ್ ಬೋರ್ಕ್ ಮುಂತಾದ ಭೂವಿಜ್ಞಾನಿಗಳು ಇತ್ತೀಚಿನ ದಶಕಗಳಲ್ಲಿ ಅದನ್ನು ಮಣ್ಣಿನಲ್ಲಿ ಓದಿದ್ದಾರೆ. ಕಾಡು ಕಡಿದು ಉತ್ತ ಇಳಿಜಾರುಗಳಲ್ಲಿ ಆ ಕೆಲವು ದಿನಗಳ ಮಳೆ ಆಳವಾದ ಕೊರಕಲುಗಳನ್ನು ತೋಡಿತು. ತಲೆತಲಾಂತರದಿಂದ ಗೊಬ್ಬರ ಹಾಕಿ ಹದ ಮಾಡಿದ ಮೇಲ್ಮಣ್ಣು ಒಂದೇ ವಾರದಲ್ಲಿ ಕಣಿವೆಯ ತಳ ಸೇರಿತು. ಅದಾದ ಆರೇಳು ವರ್ಷಕ್ಕೆ ಮಹಾಮಾರಿ ಪ್ಲೇಗು ಜರ್ಮನಿಯನ್ನು ಹೊಕ್ಕಿತು.

ಹಾಗಾದರೆ ಪ್ಲೇಗಿನ ಕಾಲದಲ್ಲಿ ಎಂದು ನಾನು ಹುಡುಗನಿಗೆ ಹೇಳಿದ ಉತ್ತರ ಕನಿಷ್ಠ ಜರ್ಮನಿಯ ಮಟ್ಟಿಗಾದರೂ ಸರಿಯಾಯಿತಲ್ಲ ಎಂದು ವಾಚಕರು ಕೇಳಬಹುದು. ಆಬೆಲ್ ಇಲ್ಲಿ ಬೇರೆಯ ದಾರಿ ತೋರಿಸುತ್ತಾನೆ. ಪ್ಲೇಗು ಇಡೀ ಊರನ್ನು ಕೊನೆಯ ಮನುಷ್ಯನವರೆಗೆ ಕೊಂದದ್ದು ವಿರಳ. ಅದು ಪಟ್ಟಣಗಳಲ್ಲಿ ಉಣ್ಣುವ ಬಾಯಿಗಳನ್ನು ಕಡಿಮೆ ಮಾಡಿತು. ಬಾಯಿ ಕಡಿಮೆಯಾದಾಗ ಧಾನ್ಯದ ಬೆಲೆ ಕುಸಿಯಿತು. ಕೈಗಳೂ ಕಡಿಮೆಯಾದವಲ್ಲ, ಕೂಲಿ ಏರಿತು. ಕೂಲಿಯೊಡನೆ ನೇಗಿಲ ಕುಳ, ಬಟ್ಟೆ ಮುಂತಾಗಿ ಪಟ್ಟಣದಿಂದ ಕೊಳ್ಳುವುದೆಲ್ಲ ಏರಿತು. ರೈತನು ಮಾರುವುದು ಅಗ್ಗ, ಕೊಳ್ಳುವುದು ತುಟ್ಟಿ. ಕತ್ತರಿಯ ಎರಡು ಅಲಗುಗಳು ಒಂದು ಮೇಲಕ್ಕೂ ಇನ್ನೊಂದು ಕೆಳಕ್ಕೂ ಬಾಯ್ದೆರೆದಂತೆ ಎಂದು ಅರ್ಥಶಾಸ್ತ್ರಜ್ಞರು ಇದನ್ನು ವರ್ಣಿಸುತ್ತಾರೆ. ನಮ್ಮ ಪಾಲಕರಲ್ಲಿ ಈರುಳ್ಳಿಯನ್ನೋ ತೊಗರಿಯನ್ನೋ ಪೇಟೆಗೆ ಒಯ್ದವರಿಗೆ ಇದನ್ನು ವಿವರಿಸುವ ಅಗತ್ಯವಿಲ್ಲ.

ಅದೇ ಸಮಯದಲ್ಲಿ ಬದುಕುಳಿದವನಿಗೆ ಬಾಗಿಲುಗಳೂ ತೆರೆದವು. ಕಣಿವೆಯಲ್ಲಿ ಒಡೆಯರಿಲ್ಲದ ಒಳ್ಳೆಯ ಹೊಲ ಬಿದ್ದಿತ್ತು. ಅಲ್ಲಿನ ಜಮೀನುದಾರರು ಒಕ್ಕಲು ಸಿಕ್ಕರೆ ಸಾಕೆಂದು ಗೇಣಿ ಇಳಿಸಿ ಕರೆಯುತ್ತಿದ್ದರು. ಪಟ್ಟಣದ ಕೋಟೆಯೊಳಗೆ ಒಂದು ವರ್ಷ ಒಂದು ದಿನ ಬಾಳಿದ ಜೀತದಾಳನ್ನು ಹಳೆಯ ಒಡೆಯ ಮರಳಿ ಕೇಳುವಂತಿಲ್ಲ ಎಂಬ ಕಟ್ಟಳೆ ಎಷ್ಟೋ ಪಟ್ಟಣಗಳಲ್ಲಿತ್ತು. ಮೂರು ಮೈಲು ಇಳಿದರೆ ಹಗುರಾದ ಗೇಣಿ, ಗಟ್ಟಿಯಾದ ಕೋಟೆ, ಮಗನಿಗೆ ಕಸುಬು ಕಲಿಸುವ ಕುಶಲಿಗ. ಮೇಲೆ ಇದ್ದರೆ ಕೊರಕಲು ಬಿದ್ದ ಹೊಲ. ಯಾರಾದರೂ ಏನು ಮಾಡಿಯಾರು?

ಎಲ್ಲರೂ ತಾವಾಗಿ ಇಳಿದರೆಂದೂ ಹೇಳುವಂತಿಲ್ಲ. ಸಿಸ್ಟರ್ಸಿಯನ್ ಪಂಥದ ಮಠಗಳು ಇದಕ್ಕೆ ಬಹು ಮೊದಲೇ, 12 ಮತ್ತು 13ನೆಯ ಶತಮಾನಗಳಲ್ಲಿ, ಒಕ್ಕಲುಗಳನ್ನು ಎಬ್ಬಿಸಿ ಹಳ್ಳಿಗಳನ್ನು ತಮ್ಮ ಸ್ವಂತ ತೋಟಪಟ್ಟಿಗಳಾಗಿ ಮಾಡಿಕೊಂಡದ್ದುಂಟು. ಪ್ರಾರ್ಥನೆಗೆ ಏಕಾಂತ ಬೇಕೆಂದು ಬಂದ ಸಂನ್ಯಾಸಿಗಳು, ಏಕಾಂತ ಸಿಗದ ಕಡೆ ಅದನ್ನು ಮಾಡಿಕೊಂಡರು.

ಊರು ಬರಿದಾಗುವುದನ್ನು ಒಳಗಿನಿಂದ ನೋಡಿದವರಿಗೆ ಅದು ಹೇಗೆ ಕಂಡಿರಬೇಕೆಂದು ನಾನು ಊಹಿಸಲು ಯತ್ನಿಸಿದ್ದೇನೆ. ಮೊದಲು ಹೋಗುವವರು ಹರೆಯದವರು. ಒಂದು ಮನೆ ಬೀಗ ಹಾಕಿಕೊಳ್ಳುತ್ತದೆ, ಕಣ್ಣಿಗೆ ಬೀಳುವುದಿಲ್ಲ. ಐದು ವರ್ಷಕ್ಕೆ ಇನ್ನೆರಡು. ಊರಿಗೊಬ್ಬ ಕಮ್ಮಾರನಿದ್ದರೆ ಅವನಿಗೆ ಸಾಲುವಷ್ಟು ಕೆಲಸ ಉಳಿಯದೆ ಅವನೂ ಹೊರಡುತ್ತಾನೆ. ಕಮ್ಮಾರ ಹೋದ ಮೇಲೆ ಕುಳ ತಟ್ಟಿಸಲು ಕೆಳಗೂರಿಗೆ ನಡೆಯಬೇಕಾದವರು, ಅಲ್ಲಿಯೇ ಏಕಿರಬಾರದೆಂದು ಯೋಚಿಸುತ್ತಾರೆ. ಪ್ರತಿಯೊಂದು ಮನೆಗೂ ಅದರದೇ ಆದ ಸರಿಯಾದ ಕಾರಣವಿರುತ್ತದೆ. ಊರು ಬಿಡುವುದು ಎಂಬ ನಿರ್ಧಾರವನ್ನು ಊರಾಗಿ ಯಾರೂ ಮಾಡುವುದಿಲ್ಲ. ಈ ಭಾಗವನ್ನು ನಾನು ಬರಿಯ ಊಹೆಯಿಂದ ಬರೆಯುತ್ತಿಲ್ಲ. ಶಾಲೆಯ ದಾಖಲಾತಿ ಪುಸ್ತಕವನ್ನು ವರ್ಷಾನುಗಟ್ಟಲೆ ಬರೆದ ಕೈ ಇದು. ಒಂದನೆಯ ತರಗತಿಯಲ್ಲಿ ಎರಡು ವಿಭಾಗಗಳಿದ್ದುದು ಒಂದಾದ ವರ್ಷವೂ ನನಗೆ ನೆನಪಿದೆ. ವರ್ಗಾವಣೆ ಪತ್ರ ಕೇಳಲು ಬಂದ ಯಾವ ತಂದೆಯೂ ಕನ್ನಡ ಶಾಲೆ ಮುಚ್ಚಲೆಂದು ಬಂದವನಲ್ಲ. ಬಹಳ ಮಂದಿ ನನ್ನಲ್ಲೇ ಓದಿದವರು, ನಮಸ್ಕಾರ ಮಾಡಿ, ತಲೆ ತಗ್ಗಿಸಿ ನಿಂತು, “ಹುಡುಗನ ಮುಂದಿನ ಓದಿಗಾಗಿ ರೀ ಗುರುಗಳೇ” ಎಂದವರು. ಅವರ ಕಾರಣ ಸುಳ್ಳಾಗಿರಲಿಲ್ಲ. ನಾನು ಪತ್ರಕ್ಕೆ ಮೊಹರು ಒತ್ತಿಕೊಟ್ಟೆ.

ಗ್ರಿಮ್ ಹೋಹೆನ್‌ರೋಡೆಯನ್ನು ಅಗೆದ ಕಾಲದ ಬಗೆಗೂ ಒಂದು ಮಾತು ಹೇಳಬೇಕು. 1935 ಎಂದರೆ ಹಿಟ್ಲರನ ಆಳ್ವಿಕೆ. ಒಕ್ಕಲಿಗನ ರಕ್ತಕ್ಕೂ ಮಣ್ಣಿಗೂ ಅನಾದಿಯಾದ, ಬಿಡಿಸಲಾಗದ ನಂಟು ಎಂದು ಆ ಸರ್ಕಾರ ಸಾರುತ್ತಿತ್ತು. ಆ ಘೋಷಣೆಯ ಹೆಸರಿನಲ್ಲಿ ಮುಂದೆ ಬೇರೆಯವರನ್ನು ಮಣ್ಣಿನಿಂದ ಕಿತ್ತೆಸೆಯಿತು. ಅದೇ ಕಾಲದಲ್ಲಿ, ಅದೇ ನೆಲದಲ್ಲಿ, ಗುದ್ದಲಿಗೆ ಸಿಕ್ಕಿದ್ದು ಕಾಡು ಕಡಿದು ಬಂದ, ನಾಲ್ಕು ಶತಮಾನ ಬಾಳಿದ, ಬಾಳಲಾಗದಾಗ ಎದ್ದುಹೋದ ಒಕ್ಕಲುಗಳ ಊರು. ಮಣ್ಣಿನಲ್ಲಿ ಸಿಗುವ ಸಂಗತಿಗಳು ಅಗೆಯುವ ಕಾಲದ ಘೋಷಣೆಗಳನ್ನು ಕೇಳಿಸಿಕೊಳ್ಳುವುದಿಲ್ಲ.

ಜನ ಹೋದ ಮೇಲೆ ಊರು ಎಲ್ಲಿ ಉಳಿಯುತ್ತದೆ? ಮೊದಲು ಮನೆಗಳು ಹೋಗುತ್ತವೆ. ಒಳ್ಳೆಯ ತೊಲೆಯನ್ನು, ಕಬ್ಬಿಣವನ್ನು ಯಾರೂ ಬಿಟ್ಟುಹೋಗುವುದಿಲ್ಲ. ಆದ್ದರಿಂದಲೇ ಮೆಲ್ಲಗೆ ಬರಿದಾದ ಊರುಗಳಲ್ಲಿ ಅಗೆಯುವವನಿಗೆ ಚೂರುಪಾರು ಮಾತ್ರ ಸಿಗುತ್ತವೆ. ಕಲ್ಲಿನ ಇಗರ್ಜಿ ಇದ್ದ ಕಡೆ ಅದು ಒಂಟಿಯಾಗಿ ಬಹುಕಾಲ ಹೊಲಗಳ ನಡುವೆ ನಿಲ್ಲುತ್ತದೆ. ಜನ ದನ ಬಾಳಿದ ಮಣ್ಣಿನಲ್ಲಿ ಸಗಣಿ, ಎಲುಬು, ಬೂದಿಗಳ ರಂಜಕದ ಅಂಶ ಶತಮಾನಗಳ ಮೇಲೂ ಹೆಚ್ಚಾಗಿರುತ್ತದೆ. ಹೊಲದ ಮಣ್ಣನ್ನು ಅಲ್ಲಲ್ಲಿ ತೆಗೆದು ಪರೀಕ್ಷಿಸಿದರೆ ಕೊಟ್ಟಿಗೆ ಎಲ್ಲಿತ್ತು, ಹಿತ್ತಿಲು ಎಲ್ಲಿತ್ತು ಎಂಬುದೂ ತಿಳಿಯುತ್ತದೆ. ಇವೆಲ್ಲಕ್ಕಿಂತ ನನ್ನನ್ನು ಬೆರಗುಗೊಳಿಸಿದ್ದು ಕಾಡಿನೊಳಗಿನ ಹೊಲಗಳು. ಆ ಕಾಲದ ಭಾರವಾದ ನೇಗಿಲು ಮಣ್ಣನ್ನು ಒಂದೇ ಮಗ್ಗುಲಿಗೆ ಮಗುಚುತ್ತಿತ್ತಾದ್ದರಿಂದ, ಒಂದೇ ಪಟ್ಟಿಯನ್ನು ವರ್ಷವರ್ಷವೂ ಸುತ್ತುಹಾಕಿ ಉತ್ತಾಗ ಮಣ್ಣು ನಡುವಿಗೆ ಸೇರಿ ಉದ್ದನೆಯ ದಿಂಡುಗಳಾಗುತ್ತಿದ್ದವು. ಬಯಲಿನಲ್ಲಿ ಮುಂದಿನವರ ನೇಗಿಲು ಅವನ್ನು ಅಳಿಸಿಹಾಕಿತು. ಊರು ಸತ್ತ ಕಡೆ ಕಾಡು ಮರಳಿ ಬೆಳೆದು ಅವನ್ನು ಕಾಪಾಡಿತು. ಇಂದು ಜರ್ಮನಿಯ ಎಷ್ಟೋ ಬೀಚ್ ಮರಗಳ ಕಾಡುಗಳಲ್ಲಿ, ಇದು ಅನಾದಿಯಾದ ಅರಣ್ಯವೆಂದು ತಿಳಿದು ನಡೆಯುವವನ ಕಾಲ ಕೆಳಗೆ ನೆಲವು ಅಲೆಅಲೆಯಾಗಿ ಏರಿಳಿಯುತ್ತದೆ. ಅವು ಆರುನೂರು ವರ್ಷದ ಹಿಂದೆ ಕೊನೆಯ ಸಲ ಉತ್ತ ದಿಂಡುಗಳು.

ಇದನ್ನೆಲ್ಲ ಗಮನಿಸಿಯೇ ಕುರ್ಟ್ ಶಾರ್ಲೌ ಎಂಬ ಭೂಗೋಳಶಾಸ್ತ್ರಜ್ಞನು 1933ರಲ್ಲಿ ಒಂದು ವಿವೇಚನೆಯನ್ನು ಮುಂದಿಟ್ಟ. ಮನೆಗಳ ಹಾಳು ಬೇರೆ, ಹೊಲಗಳ ಹಾಳು ಬೇರೆ. ಮನೆಗಳೆಲ್ಲ ಬಿದ್ದರೂ ಹೊಲಗಳ ಉಳುಮೆ ನಿಲ್ಲದ ಊರುಗಳುಂಟು. ಮನೆಗಳು ನಿಂತಿದ್ದರೂ ಹೊಲ ಕಾಡಾದ ಊರುಗಳುಂಟು. ಅರ್ಧ ಹಾಳಾದವು, ಕೆಲಕಾಲ ಹಾಳಾಗಿದ್ದು ಮರಳಿ ಎದ್ದವು ಉಂಟು. ಹುಡುಗನಿಗೆ ನಾನು ಹೇಳಬೇಕಾಗಿದ್ದ ಮಾತು ಇಲ್ಲಿ ಸಿಕ್ಕಿತು. ‘ಯಾವಾಗ’ ಎಂದು ಕೇಳಿದವನಿಗೆ, ‘ಊರಿನ ಯಾವ ಭಾಗ’ ಎಂದು ಮರಳಿ ಕೇಳಬೇಕಾಗಿತ್ತು. ಆ ಹೊಲದಲ್ಲಿ ನಾವು ನಿಂತಿದ್ದಾಗಲೂ ಜೋಳ ತೆನೆಗಟ್ಟಿತ್ತಲ್ಲ.

ಶಾರ್ಲೌ ಹೇಳಿದ ಮೊದಲ ಬಗೆಯ ಊರುಗಳ ವಿಷಯದಲ್ಲಿ ಒಂದು ಸಂಗತಿಯನ್ನು ಹೇಳಿ ಮುಗಿಸುತ್ತೇನೆ. ಹೆಸ್ಸೆ, ವೆಸ್ಟ್‌ಫಾಲಿಯ ಮುಂತಾದ ಕಡೆಗಳಲ್ಲಿ ಹಳ್ಳಿಯ ಜನರು ಹತ್ತಿರದ ಪಟ್ಟಣದ ಕೋಟೆಯೊಳಗೆ ಹೋಗಿ ನೆಲಸಿದರೂ ತಮ್ಮ ಹಳೆಯ ಊರಿನ ಹೊಲಗಳನ್ನು ಬಿಡಲಿಲ್ಲ. ಬೆಳಗ್ಗೆ ಕೋಟೆಯ ಬಾಗಿಲು ತೆರೆದಾಗ ಎತ್ತು ಹೊಡೆದುಕೊಂಡು ಹೋಗಿ, ಉತ್ತು, ಸಂಜೆ ಬಾಗಿಲು ಮುಚ್ಚುವ ಮುನ್ನ ಮರಳುತ್ತಿದ್ದರು. ಪಟ್ಟಣದಲ್ಲಿ ಅವರು ಪಟ್ಟಣದವರೇ. ಹೊಲದ ಮಟ್ಟಿಗೆ ಮಾತ್ರ ಹಳೆಯ ಊರಿನ ಹೆಸರಿನಲ್ಲಿಯೇ ಪ್ರತ್ಯೇಕವಾದ ಕೂಟವೊಂದನ್ನು ಉಳಿಸಿಕೊಂಡರು. ಮನೆಯೊಂದೂ ಇಲ್ಲದ ಊರಿನ ಒಕ್ಕಲುಗಳು ಗೊತ್ತಾದ ದಿನ ಕೂಡಿ, ಯಾರ ಹೊಲದ ಬದು ಯಾರು ಒತ್ತಿದರು, ಹುಲ್ಲುಗಾವಲಿಗೆ ಯಾರ ದನ ಎಷ್ಟು, ಬೀಡು ಯಾವ ಪಾಲು ಎಂಬುದನ್ನು ತಮ್ಮ ಹಿರಿಯರ ಕಟ್ಟಳೆಯಂತೆ ತೀರ್ಮಾನಿಸುತ್ತಿದ್ದರು. ಅಂಥ ಕೂಟಗಳಲ್ಲಿ ಕೆಲವು ಮನೆಗಳು ಬಿದ್ದ ಮೇಲೆ ಶತಮಾನಗಳ ಕಾಲ ನಡೆದುಬಂದವು.